ಮೊಲೆ ಬಿಟ್ಟ ಕೂಸು

ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ಗಾಡಿಗೆ ಕಾಯುವವರ ನಡುವೆ ಕೂತಾಗ ಪ್ರತಿ ಸಲ ಒಂದೇ ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಚಿಂಚೋಳಿ ಕಡೆಯ ತಾಂಡಾಗಳಿಂದ, ಸೇಡಂ, ಚಿತ್ತಾಪುರದ ಹಳ್ಳಿಗಳಿಂದ ಮುಂಬೈ, ಪುಣೆ ಎಂದು ದುಡಿಯಲು ಹೊರಟ ಜನ ಅಲ್ಲಿರುತ್ತಾರೆ. ದೊಡ್ಡವರಾರೂ ಪೂರಾ ನಿದ್ದೆ ಮಾಡುವುದಿಲ್ಲ. ಗಂಟಿಗೆ ಒರಗಿದವರ ಒಂದು ಕೈ ಗಂಟಿನ ಮೇಲೆಯೇ ಇರುತ್ತದೆ. ಗಾಡಿ ಯಾವ ಪ್ಲಾಟ್‌ಫಾರ್ಮಿಗೆ, ಎಷ್ಟು ತಡ, ಹೋದ ಊರಲ್ಲಿ ಮುಕದ್ದಮ ಹೇಳಿದಷ್ಟು ಕೂಲಿ ಕೊಟ್ಟಾನೋ ಇಲ್ಲವೋ, ಇವೇ ಮಾತು. ಅವರ ಮಕ್ಕಳು ಮಾತ್ರ ಬಾಯಿ ತೆರೆದು ಮಲಗಿರುತ್ತಾರೆ. ಆ ಸದ್ದು, ಆ ಬೆಳಕು, ಎದೆ ನಡುಗಿಸಿ ಹಾದುಹೋಗುವ ಗೂಡ್ಸ್ ಗಾಡಿ, ಯಾವುದೂ ಅವರನ್ನು ಮುಟ್ಟುವುದಿಲ್ಲ. ಯಾವ ಊರಿಗೆ ಹೊರಟಿದ್ದೇವೆ ಎಂಬುದೂ ಅವರಿಗೆ ಗೊತ್ತಿಲ್ಲ. ಅವ್ವ ಇದ್ದಾಳೆ ಎಂಬುದೊಂದು ಗೊತ್ತು.

ನೋಡಲು ಇದು ಚೆಂದ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಮಾತೂ ಇದೆ. ಆ ಅವ್ವ ಹೆದರಿದ್ದಾಳೆ. ತನ್ನ ತೋಳು ಎಷ್ಟು ದಣಿದಿದೆ ಎಂಬುದು ಅವಳಿಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಹಾಗಾದರೆ ಮಗುವಿನ ನೆಮ್ಮದಿ ತಿಳಿಯದವರ ನೆಮ್ಮದಿಯಷ್ಟೇ ಏನು? ಎಲ್ಲ ತಿಳಿದ ಮೇಲೆ, ಬರ ನೋಡಿದ ಮೇಲೆ, ಸಾವು ನೋಡಿದ ಮೇಲೆ ಯಾರಾದರೂ ಹಾಗೆ ಮಲಗಬಲ್ಲರೇ? ಮಕ್ಕಳ ಹಾಗೆ ಆಗದೆ ದೇವರ ರಾಜ್ಯವಿಲ್ಲ ಎಂದು ಯೇಸು ಹೇಳಿದ್ದನ್ನು ಭಾನುವಾರ ಭಾನುವಾರ ಕೇಳುತ್ತ ಬೆಳೆದ ನನಗೆ ಈ ಪ್ರಶ್ನೆ ಬಹಳ ಕಾಲ ಒಳಗೇ ಇತ್ತು.

ಮಾರ್ಕನು ಬರೆದ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಆ ಘಟನೆ ಬರುತ್ತದೆ. ಮಕ್ಕಳು ಅಲ್ಲಿಗೆ ತಾವಾಗಿ ನಡೆದು ಬಂದವರಲ್ಲ, ಯಾರೋ ಕರೆತಂದಿದ್ದರು, ಕೆಲವರನ್ನು ಎತ್ತಿಕೊಂಡೇ ಬಂದಿರಬೇಕು. ಶಿಷ್ಯರು ಗದರಿಸುತ್ತಾರೆ. ಯೇಸುವಿಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಬರೆದಿಟ್ಟವನು ಮಾರ್ಕನೊಬ್ಬನೇ. ಮತ್ತಾಯ, ಲೂಕರು ಅದನ್ನು ಬಿಟ್ಟು ಮುಂದೆ ಹೋಗಿದ್ದಾರೆ. ಆಮೇಲೆ ಯೇಸು ಮಕ್ಕಳನ್ನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾನೆ. ಮಕ್ಕಳು ನಿಷ್ಕಪಟಿಗಳೆಂದು ಅವನು ಎಲ್ಲಿಯೂ ಹೇಳಲಿಲ್ಲ. ಮಕ್ಕಳನ್ನು ಸಾಕಿದವರಿಗೆ ಗೊತ್ತು, ಅವರು ಜಗಳಾಡುತ್ತಾರೆ, ಕಸಿದುಕೊಳ್ಳುತ್ತಾರೆ, ಹಟ ಹಿಡಿದು ನೆಲಕ್ಕೆ ಬೀಳುತ್ತಾರೆ. ಅಂದಿನ ಸಮಾಜದಲ್ಲಿ ಮಗುವಿಗೆ ಸ್ಥಾನವಿರಲಿಲ್ಲ, ಹೇಳಿಕೊಳ್ಳಲು ಪುಣ್ಯವಿರಲಿಲ್ಲ, ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದೆ ಬಂದು ಎತ್ತಿಸಿಕೊಳ್ಳುವುದನ್ನು ಅವನು ತೋರಿಸಿದ. ದೊಡ್ಡವರಿಗೆ ಕಷ್ಟವಾದದ್ದು ಅದೇ. ನಾವು ಏನಾದರೂ ಒಂದನ್ನು ಹಿಡಿದುಕೊಂಡೇ ಬರುತ್ತೇವೆ: ಉಪವಾಸ, ಹರಕೆ, ಕಾಣಿಕೆ, ಕಡೆಗೆ ನಮ್ಮ ನಂಬಿಕೆಯನ್ನೇ.

ನಮ್ಮ ಸೀಮೆ ನಂಬಿಕೆಯನ್ನು ಸುಲಭ ಮಾಡುವ ಸೀಮೆಯಲ್ಲ. ಎರೆ ಹೊಲದಲ್ಲಿ ತೊಗರಿ ಬಿತ್ತಿ ಮುಗಿಲು ನೋಡುವವರು ನಾವು. ಮಳೆ ಬಂದರೂ ಸಾಲದು. ಹೂವಿಗೆ ಬಂದ ಗಿಡ ನೆಟೆ ರೋಗಕ್ಕೆ ನಿಂತಲ್ಲೇ ಒಣಗುತ್ತದೆ. ಶಹಾಬಾದದ ಫರ್ಸಿ ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ಅದನ್ನು ಪದರು ಪದರಾಗಿ ಎಬ್ಬಿಸುವ ಖಣಿಯ ಆಳಿನ ಮನೆಯ ನೆಲ ಮಣ್ಣಿನದೇ ಇರಬಹುದು. ವಾಡಿಯಲ್ಲೂ ಸೇಡಂನಲ್ಲೂ ಸಿಮೆಂಟು ಕಾರ್ಖಾನೆಗಳ ಚಿಮಣಿ ದೂರದಿಂದಲೇ ಕಾಣುತ್ತದೆ, ಆದರೆ ಕೆಲಸ ಎಲ್ಲರಿಗೂ ಇಲ್ಲ. ಇಂಥಲ್ಲಿ ಸಂಜೆ ಮನೆಪ್ರಾರ್ಥನೆಗೆ ಸೇರಿದ ಹೆಣ್ಣುಮಕ್ಕಳು ಸೆರಗು ತಲೆ ಮೇಲೆ ಎಳೆದುಕೊಂಡು, 'ಯಪ್ಪಾ, ನೀನೇ ನೋಡಪಾ' ಎಂದು ದೇವರಿಗೆ ಏಕವಚನದಲ್ಲಿ ಹೇಳುತ್ತಾರೆ. ಸಾಲ, ಮಗಳ ಹೆರಿಗೆ, ಗಂಡನ ಕುಡಿತ ಎಲ್ಲ ಆ ಒಂದು ಮಾತಿನಲ್ಲಿ ಹೋಗುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಚಹಾ ಕುಡಿಯುತ್ತ, 'ಹೇಳೀವಿ, ಅವ ಕೇಳ್ಯಾನ' ಎನ್ನುತ್ತಾರೆ. ಇದನ್ನು ತಿಳಿಯದವರ ನೆಮ್ಮದಿ ಎಂದು ಕರೆಯುವ ಧೈರ್ಯ ನನಗಿಲ್ಲ. ತಮ್ಮ ಬದುಕಿನಲ್ಲಿ ಏನೇನು ಕೆಡಬಹುದು ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನ್ನ ಪ್ರಶ್ನೆಗೆ ಒಂದು ಪೂರ್ತಿ ಬಾಳೇ ಉತ್ತರವಾಗಿ ಸಿಕ್ಕಿದ್ದು ಇದೇ ರೈಲಿನ ದಾರಿಯಲ್ಲಿ. ವಾಡಿಯಿಂದ ಹೊರಟ ಗಾಡಿ ಶಹಾಬಾದ, ಕಲಬುರಗಿ, ಸೊಲ್ಲಾಪುರ, ದೌಂಡ ದಾಟಿ ಪುಣೆ ಸೇರುವ ಮೊದಲು ಕೇಡಗಾಂವ ಎಂಬ ಸಣ್ಣ ನಿಲ್ದಾಣವನ್ನು ಹಾಯುತ್ತದೆ. ನಿರ್ಗತಿಕ ಹೆಣ್ಣುಮಕ್ಕಳಿಗಾಗಿ ಪಂಡಿತಾ ರಮಾಬಾಯಿಯವರು ಕಟ್ಟಿದ ಮುಕ್ತಿ ಮಿಷನ್ ಇರುವುದು ಅಲ್ಲಿ. ಅವರನ್ನು ಮಹಾರಾಷ್ಟ್ರದವರೆಂದೇ ಎಲ್ಲರೂ ತಿಳಿದಿರುತ್ತಾರೆ. ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂದು ಜಾತಿಯವರ ವಿರೋಧ ಕಟ್ಟಿಕೊಂಡು ಕಾಡು ಸೇರಿದ್ದರು. ರಮಾ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ಗಂಗಾಮೂಲ ಬಿಟ್ಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಒಬ್ಬ ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರು. ತನ್ನ ಯಾತ್ರೆಯ ಬದುಕು ಶುರುವಾದದ್ದು ಹಾಗೆ ಎಂದು ಅವರೇ ಬರೆದುಕೊಂಡಿದ್ದಾರೆ. ಮುಂದೆ ವರ್ಷಗಟ್ಟಲೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡಿಗೆ, ಪುರಾಣ ಓದಿ ಬಂದದ್ದರಲ್ಲಿ ಊಟ. ಬೆಳಗಿನ ಜಾವ ತಾಯಿ ನಿದ್ದೆಗಣ್ಣಿನ ಹುಡುಗಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಮುದ್ದಿನ ಮಾತಾಡಿಸಿ ಎಚ್ಚರಗೊಳಿಸಿ, ಸುತ್ತ ಹಕ್ಕಿ ಕೂಗುವಾಗ ಶ್ಲೋಕ ಹೇಳಿಕೊಡುತ್ತಿದ್ದಳಂತೆ.

ಆಮೇಲೆ ಬರ ಬಂತು. 1874. ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಮೊದಲ ಸಲ ಓಡಿದ ವರ್ಷವೂ ಅದೇ. ಹದಿನಾರು ವರ್ಷದ ರಮಾ ದಕ್ಷಿಣದಲ್ಲಿ ಎಲ್ಲೋ ಒಂದು ಕಾಡಿನಲ್ಲಿ ತಂದೆತಾಯಿ, ಅಕ್ಕ, ಅಣ್ಣನ ಜೊತೆ ಸಾಯಲು ಕೂತಿದ್ದಳು. ಬೇಡಲು ಮಾನ ಬಿಡದು, ದುಡಿಯಲು ಕಲಿತವರಲ್ಲ. ಹನ್ನೊಂದು ಹಗಲು ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡು ಈಚಲ ಹಣ್ಣು. ಇದ್ದ ರೊಕ್ಕವನ್ನೆಲ್ಲ ವ್ರತಕ್ಕೆ, ದಾನಕ್ಕೆ, ಪೂಜೆಗೆ ಕೊಟ್ಟು ಮುಗಿಸಿದ್ದರು. ಕೇಳಿದ ವರ ಬರಲಿಲ್ಲ. ಕೆಲವೇ ತಿಂಗಳಲ್ಲಿ ಮೊದಲು ತಂದೆ, ಆಮೇಲೆ ತಾಯಿ, ಆಮೇಲೆ ಅಕ್ಕ ತೀರಿಕೊಂಡರು. ಉಳಿದ ಅಣ್ಣ ತಂಗಿ ಉತ್ತರದ ತನಕ ನಡೆದರು. ಝೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ ಮಳಲಿನಲ್ಲಿ ಎರಡು ಗುಣಿ ತೋಡಿ, ಕುತ್ತಿಗೆಯ ತನಕ ಮರಳು ಎಳೆದುಕೊಂಡು ರಾತ್ರಿ ಕಳೆದರು. ಸಮಾಧಿಯ ಅಳತೆಯ ಗುಣಿಗಳು ಅವು.

ಇಂಥವರು ಯಾರನ್ನಾದರೂ ಮತ್ತೆ ನಂಬಬೇಕೆಂದು ಹೇಳುವ ಹಕ್ಕು ಯಾರಿಗಿದೆ? ಮುಂದಿನ ವರ್ಷಗಳು ಅವರ ಬುದ್ಧಿಯನ್ನು ಬೆಳೆಸಿದವು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರ ಸಂಸ್ಕೃತ ಕೇಳಿ ಪಂಡಿತಾ ಎಂದರು, ಸರಸ್ವತಿ ಎಂದರು. ಅಣ್ಣ ಹೋದ, ಮದುವೆಯಾಯಿತು, ಎರಡು ವರ್ಷ ತುಂಬುವುದರಲ್ಲಿ ಗಂಡ ಹೋದರು. ಮಗಳು ಮನೋರಮಾ ಇನ್ನೂ ಕೈಗೂಸು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ. ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಸಾಕ್ಷಿ ಹೇಳುವವರು ಸಾಮಾನ್ಯವಾಗಿ ಅಲ್ಲಿಗೇ ಮುಗಿಸುತ್ತಾರೆ. ರಮಾಬಾಯಿ ಮುಗಿಸಲಿಲ್ಲ. ಅಂದು ತನಗೆ ದಕ್ಕಿದ್ದು ಕ್ರಿಸ್ತನ ಮತ, ಕ್ರಿಸ್ತನಲ್ಲ ಎಂದು ಮುಂದೆ ಅವರು ಬರೆದರು. ಓದಿದ್ದರು, ತರ್ಕಿಸಿದ್ದರು, ಒಪ್ಪಿದ್ದರು, ತನ್ನನ್ನು ಕೊಟ್ಟುಕೊಂಡಿರಲಿಲ್ಲ. ಅದಕ್ಕೆ ಇನ್ನೂ ಎಂಟು ವರ್ಷ ಬೇಕಾಯಿತು. ಹದಿನೆಂಟು ಸಾವಿರ ಶ್ಲೋಕ ಬಾಯಿಪಾಠವಿದ್ದ ಪಂಡಿತೆ, ಮೂವತ್ತು ದಾಟಿದ ಮೇಲೆ, ಬರಿಗೈಯಲ್ಲಿ ಹೋಗಿ ನಿಂತರು.

ನನ್ನ ಬೆರಗು ಇರುವುದು ಇಲ್ಲಿ. ಮಗುವಿನ ನಂಬಿಕೆ ಬಾಲ್ಯದಲ್ಲಿ ಇದ್ದು ದೊಡ್ಡವರಾದಂತೆ ಕಳೆದುಹೋಗುವ ವಸ್ತುವೆಂದೇ ನಾವು ಎಣಿಸುತ್ತೇವೆ. ರಮಾಬಾಯಿಯವರ ಬಾಳಿನಲ್ಲಿ ಅದು ಕಡೆಗೆ ಬಂತು, ಎಲ್ಲ ತಿಳಿದ ಮೇಲೆ ಬಂತು. ಪ್ಲಾಟ್‌ಫಾರ್ಮಿನ ಕೂಸಿಗೆ ಅವ್ವನ ಭಯ ಗೊತ್ತಿಲ್ಲ, ಅದಕ್ಕೇ ಮಲಗಿದೆ. ಇವರಿಗೆ ಎಲ್ಲವೂ ಗೊತ್ತಿತ್ತು.

ಬಂದ ನಂಬಿಕೆಯನ್ನು ಅವರು ಏನು ಮಾಡಿದರು ಎಂಬುದೂ ಮುಖ್ಯ. ಅಮೆರಿಕದ ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘವೊಂದು ಹತ್ತು ವರ್ಷ ಹಣ ಕೊಡುವುದಾಗಿ ಮಾತು ಕೊಟ್ಟಿತ್ತು. 1889ರಲ್ಲಿ ಮುಂಬೈಯಲ್ಲಿ ವಿಧವೆಯರ ಶಾಲೆಯಾದ ಶಾರದಾ ಸದನ ತೆರೆದದ್ದು ಆ ಬಲದ ಮೇಲೆ. ಹತ್ತು ವರ್ಷ ಮುಗಿಯುತ್ತ ಬಂದ ಹೊತ್ತಿಗೆ ಅವರು ಮೂವರ ಕಥೆ ಓದಿದ್ದರು: ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯಾರ ಮುಂದೆಯೂ ಕೈ ಚಾಚದೆ ಪ್ರಾರ್ಥನೆಯ ಮೇಲೇ ಸಾವಿರಾರು ಅನಾಥರನ್ನು ಸಾಕಿದ ಜಾರ್ಜ್ ಮುಲ್ಲರ್, ಚೀನಾಕ್ಕೆ ಹೋದ ಹಡ್ಸನ್ ಟೇಲರ್, ದಕ್ಷಿಣ ಸಮುದ್ರದ ದ್ವೀಪಗಳಿಗೆ ಹೋದ ಜಾನ್ ಪೇಟನ್. ಓದಿ ಅವರು ಕೇಳಿಕೊಂಡ ಪ್ರಶ್ನೆ ನನಗೆ ಬಹಳ ಪ್ರಿಯ. ಬೇರೆ ದೇಶಗಳಲ್ಲಿ ದೇವರನ್ನು ಹೀಗೆ ನಂಬಬಹುದಾದರೆ ಭಾರತದಲ್ಲಿ ಏಕಾಗದು? ಅನುಕರಣೆ ಮಾಡುವವರ ಪ್ರಶ್ನೆ ಅಲ್ಲ ಇದು. ಅಣ್ಣನಿಗೆ ಕೊಟ್ಟದ್ದು ನನಗೂ ಕೊಡು ಎನ್ನುವ ಮಗುವಿನ ಹಕ್ಕಿನ ಪ್ರಶ್ನೆ.

ಅಷ್ಟರಲ್ಲಿ ಮಧ್ಯ ಪ್ರಾಂತಗಳಲ್ಲಿ ಬರ. 1896ರ ಕಡೆಗೆ ಅವರು ತಾವೇ ಅಲ್ಲಿಗೆ ಹೋದರು. ಹಸಿದ ಹುಡುಗಿಯರನ್ನು ಕಂಡಾಗ ಕಾಡಿನಲ್ಲಿ ಎಲೆ ತಿಂದ ದಿನಗಳು ನೆನಪಾದವು. ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು. ಕೇಡಗಾಂವದ ಬಯಲಿನಲ್ಲಿ ಮುಕ್ತಿ ಹುಟ್ಟಿದ್ದು ಹಾಗೆ. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿದ್ದವರು ಸಾವಿರ ಮೀರಿದರು. ಬಾವಿ ತೋಡಿಸಿದರು, ಹೊಲ ಮಾಡಿಸಿದರು, ಮಗ್ಗ ಹೂಡಿಸಿದರು, ಅಚ್ಚುಕೂಟ ತಂದರು. ದೇವರನ್ನು ಮಗುವಿನ ಹಾಗೆ ನಂಬುವವರು ಕೈಕಟ್ಟಿ ಕೂಡುತ್ತಾರೆ ಎನ್ನುವವರು ಆ ಅಂಗಳವನ್ನು ಒಮ್ಮೆ ನೆನೆಯಬೇಕು. ಬಾವಿ ತೋಡುವುದು ತನ್ನ ಕೆಲಸ, ನೀರು ಬರುವುದು ತನ್ನ ಕೈಯಲ್ಲಿಲ್ಲ ಎಂದು ತಿಳಿದವರು ಹೆಚ್ಚು ನಿರಾಳವಾಗಿ ಗುದ್ದಲಿ ಹಿಡಿಯುತ್ತಾರೆ.

ಈ ಮಾತು ನಮ್ಮ ಸೀಮೆಗೆ ಹೊರಗಿನದೇನಲ್ಲ. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರ (1746–1822) ಕಥೆ ಇಲ್ಲಿ ಜಾತಿ ಮತ ಇಲ್ಲದೆ ಎಲ್ಲರ ಬಾಯಲ್ಲಿದೆ. ತೆನೆಗೆ ಬಂದ ಹಕ್ಕಿಗಳನ್ನು ಕವಣೆಯಿಂದ ಹೊಡೆಯದೆ, ಅವು ತಿಂದು ಬಾಯಾರುತ್ತವೆಂದು ನೀರನ್ನೂ ಇಟ್ಟರು. ರಾಶಿ ಮಾಡಿದಾಗ ಕಾಳು ಕಡಿಮೆಯಾಗಲಿಲ್ಲ. ಬಿತ್ತದ, ಕೊಯ್ಯದ ಆಕಾಶದ ಹಕ್ಕಿಗಳನ್ನು ತಂದೆ ಸಾಕುತ್ತಾನೆಂದು ಯೇಸು ಬೆಟ್ಟದ ಮೇಲೆ ಹೇಳಿದ್ದನ್ನು ನಮ್ಮ ಸಭೆಗಳಲ್ಲಿ ಓದಿದಾಗ, ಕೇಳುವ ರೈತನ ಕಣ್ಣಮುಂದೆ ಬರುವುದು ಆ ಹೊಲವೇ ಎಂದು ನನ್ನ ನಂಬಿಕೆ. ಅದರಲ್ಲಿ ತಪ್ಪೇನೂ ಕಾಣೆ, ಸಂತೋಷವೇ ಆಗುತ್ತದೆ.

ರಮಾಬಾಯಿಯವರ ಕೆಲಸ ನಮ್ಮ ಕಡೆಗೂ ಬಂತು. 1912ರಲ್ಲಿ ತಾಯಿಯ ನೆರವಿನಿಂದ ಮನೋರಮಾ ಕಲಬುರಗಿಯಲ್ಲಿ ಒಂದು ಕ್ರಿಶ್ಚಿಯನ್ ಹೈಸ್ಕೂಲ್ ತೆರೆದು, ತಾವೇ ಅದರ ಮುಖ್ಯಸ್ಥೆಯಾದರು. ನಿಜಾಮರ ರಾಜ್ಯ, ಬರದ ಜಿಲ್ಲೆ. ಕೇಡಗಾಂವದಲ್ಲಿ ಗಾಡಿ ಹತ್ತಿದರೆ ಇಳಿಯುವುದು ಕಲಬುರಗಿಯಲ್ಲಿ. ಅಲ್ಲಿಂದ ಮುಂದೆ ಶಹಾಬಾದ, ವಾಡಿ. ಹಸಿವಿನ ಕಾಡಿನಿಂದ ಹೊರಟ ಒಂದು ನಂಬಿಕೆ ಮಗಳ ಕೈಯಲ್ಲಿ ಪಾಟಿಬಳಪವಾಗಿ ನಮ್ಮ ಊರಿನ ತನಕ ಬಂತು. 1920ರಲ್ಲಿ ಆರೋಗ್ಯ ಕುಂದಿದಾಗ ಮುಕ್ತಿಯ ಹೊಣೆಯನ್ನು ಮನೋರಮಾ ಹೊರಬೇಕೆಂದು ತಾಯಿ ಗೊತ್ತುಮಾಡಿದರು. 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡರು. ನಲವತ್ತು ವರ್ಷ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಪೂರ್ತಿ ನಂಬಿ ಕೇಳಿದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ, ಸಿಗದಿದ್ದರೆ ನಿನ್ನ ನಂಬಿಕೆಯಲ್ಲೇ ಕೊರತೆ ಎಂಬ ಬೋಧನೆ ಈಗೀಗ ಹೆಚ್ಚು ಕೇಳಿಬರುತ್ತದೆ. ಅದು ಮಗುವಿನ ನಂಬಿಕೆಯ ಹೆಸರಿನಲ್ಲೇ ಬರುತ್ತದೆ. ಮಗು ಕಳೆದುಕೊಂಡ ತಾಯಿಯ ಎದುರು, ಬೆಳೆ ಹೋದ ರೈತನ ಎದುರು ಆ ಮಾತು ಆಡುವುದು ಕ್ರೌರ್ಯ. ಆಗ ನಂಬಿಕೆಯೂ ಒಂದು ರೊಕ್ಕವಾಗುತ್ತದೆ, ಸಾಕಷ್ಟು ಎಣಿಸಿ ಕೊಟ್ಟವನಿಗೆ ಮಾತ್ರ ಸಾಮಾನು. ಬರಿಗೈಯ ಮಕ್ಕಳನ್ನು ಅಪ್ಪಿಕೊಂಡವನ ಹೆಸರಿನಲ್ಲಿ ಇದನ್ನು ಹೇಳಲು ಹೇಗೆ ಮನಸ್ಸು ಬರುತ್ತದೋ. ಮಗಳನ್ನು ಕಳೆದುಕೊಂಡ ರಮಾಬಾಯಿಯವರ ನಂಬಿಕೆಯಲ್ಲಿ ಕೊರತೆ ಹುಡುಕುವವರು ಯಾರು?

ಕೀರ್ತನೆಗಳ ಗ್ರಂಥದಲ್ಲಿ 131ನೆಯದು ಬಹಳ ಸಣ್ಣದು, ಮೂರೇ ವಚನ. ಯಾತ್ರಿಕರು ಯೆರೂಸಲೇಮಿಗೆ ಹತ್ತುವಾಗ ಹಾಡುತ್ತಿದ್ದ ಕೀರ್ತನೆಗಳ ಗುಂಪಿನದು. ಅದರಲ್ಲಿ ಕವಿ ತನ್ನ ಜೀವವನ್ನು ಮೊಲೆ ಬಿಟ್ಟ ಕೂಸಿಗೆ ಹೋಲಿಸಿಕೊಳ್ಳುತ್ತಾನೆ. ಮೊಲೆ ಉಣ್ಣುವ ಕೂಸು ಎನ್ನಲಿಲ್ಲ ಎಂಬುದನ್ನು ಗಮನಿಸಲು ನನಗೆ ವರ್ಷಗಳೇ ಬೇಕಾದವು. ಉಣ್ಣುವ ಕೂಸು ತಾಯಿಯ ಮಡಿಲಿಗೆ ಬರುವುದು ಹಾಲಿಗೆ. ಸಿಗದಿದ್ದರೆ ಕಿರಿಚುತ್ತದೆ, ಸಿಕ್ಕರೆ ಮಲಗುತ್ತದೆ. ಮೊಲೆ ಬಿಡಿಸುವ ದಿನಗಳು ಮನೆಯವರಿಗೆಲ್ಲ ನೆನಪಿರುತ್ತವೆ. ಬೇವು ಹಚ್ಚುತ್ತಾರೆ, ಅಜ್ಜಿಯ ಹತ್ತಿರ ಮಲಗಿಸುತ್ತಾರೆ, ಕೂಸು ರಾತ್ರಿಯೆಲ್ಲ ಅಳುತ್ತದೆ. ತಾಯಿ ತನಗೆ ದ್ರೋಹ ಮಾಡಿದಳೆಂದೇ ಅದಕ್ಕೆ ಅನಿಸಿರಬೇಕು. ಆಮೇಲೆ ಒಂದು ದಿನ ಅದೇ ಮಡಿಲಿಗೆ ಬಂದು, ಏನನ್ನೂ ಹುಡುಕದೆ, ಸುಮ್ಮನೆ ತಲೆಯಿಡುತ್ತದೆ. ಅದಕ್ಕೆ ಈಗ ಬೇಕಾದದ್ದು ತಾಯಿ.

ಆ ಸುಮ್ಮನಿರುವಿಕೆಯ ಹಿಂದೆ ಅಳು ಇದೆ. ಅಳು ಇಲ್ಲದೆ ಅಲ್ಲಿಗೆ ಬಂದವರಿಲ್ಲ. ಅದಕ್ಕೇ ಕೀರ್ತನೆಗಳ ಗ್ರಂಥದ ತುಂಬ ದೂರು, ಏಕೆ, ಎಲ್ಲಿಯ ತನಕ ಎಂಬ ಕೂಗು. ಮಕ್ಕಳೂ ಹಾಗೆಯೇ. ಹೊಡೆದ ಅವ್ವನ ಸೆರಗನ್ನೇ ಹಿಡಿದು ಅಳುತ್ತವೆ, ಬೇರೆ ಕಡೆ ಓಡುವುದಿಲ್ಲ. ದೇವರನ್ನು ಪ್ರಶ್ನಿಸಬಾರದೆಂದು ಬಾಯಿ ಮುಚ್ಚಿಸುವವರು ನಂಬಿಕೆಯನ್ನು ಕಾಯುತ್ತಿದ್ದೇವೆಂದುಕೊಂಡು ಸೆರಗನ್ನು ಕೈಯಿಂದ ಬಿಡಿಸುತ್ತಿರುತ್ತಾರೆ.

ಮಗಳು ಹೋದ ಮೇಲೆ ರಮಾಬಾಯಿ ಬದುಕಿದ್ದು ಒಂಬತ್ತು ತಿಂಗಳು ತುಂಬುವಷ್ಟೂ ಅಲ್ಲ. ಆ ದಿನಗಳಲ್ಲಿ ಅವರ ಮೇಜಿನ ಮೇಲೆ ಇದ್ದದ್ದು ಮರಾಠಿ ಬೈಬಲ್ಲಿನ ಹಾಳೆಗಳು. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸಿಗೂ ತಿಳಿಯುವ ಮಾತಿನಲ್ಲಿ ಬೈಬಲ್ ಇರಬೇಕೆಂದು ವರ್ಷಗಟ್ಟಲೆ ತಾವೇ ಕೂತು ಮಾಡಿದ ಅನುವಾದ. ಮುಕ್ತಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು ಬರದಿಂದ ಬದುಕಿ ಬಂದ ಹೆಣ್ಣುಮಕ್ಕಳು. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡರು. ಗ್ರಂಥ ಪೂರ್ತಿ ಹೊರಬಂದದ್ದು ಅವರು ಹೋದ ಮೇಲೆ.

ಇಷ್ಟೆಲ್ಲದರ ಬೇರು ಎಲ್ಲಿತ್ತು ಎಂದು ಹುಡುಕಿದರೆ ಮುಲ್ಲರರ ಪುಸ್ತಕದಲ್ಲಿ ನನಗೆ ಅದು ಸಿಗುವುದಿಲ್ಲ. ಅವರ ತಂದೆ ಸಾಯುವ ಮುಂಚಿನ ಒಂದು ಗಳಿಗೆಯಲ್ಲಿ ಸಿಗುತ್ತದೆ. ಅನಂತಶಾಸ್ತ್ರಿಗಳಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ, ಹಸಿವಿನಿಂದ ಮೈ ಬಿದ್ದುಹೋಗಿತ್ತು. ಕಿರಿಯ ಮಗಳನ್ನು ಹತ್ತಿರಕ್ಕೆ ಎಳೆದು, ಗಟ್ಟಿಯಾಗಿ ತಬ್ಬಿ ಹಿಡಿದು, ಅವಳನ್ನು ದೇವರ ಕೈಯಲ್ಲಿ ಇಟ್ಟಿರುವುದಾಗಿಯೂ, ಅವಳು ಇನ್ನು ಅವನವಳೇ, ಬಾಳೆಲ್ಲ ಅವನನ್ನೇ ಸೇವಿಸಬೇಕೆಂದೂ ಹೇಳಿದರು. ಕೊಡಲು ಒಂದು ಹಿಡಿ ಅಕ್ಕಿ ಇಲ್ಲದ ತಂದೆ, ತಾನು ಬಾಳೆಲ್ಲ ಪೂಜಿಸಿದ ದೇವರು ಉತ್ತರ ಕೊಡದ ಕಾಡಿನಲ್ಲಿ ಕೂತು, ಅದೇ ದೇವರ ಕೈಗೆ ಮಗಳನ್ನು ಒಪ್ಪಿಸಿದ. ರಮಾಬಾಯಿ 1907ರಲ್ಲಿ, ಕ್ರೈಸ್ತಳಾಗಿ ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ, ತನ್ನ ಸಾಕ್ಷಿಯ ಪುಸ್ತಕ ಬರೆಯುವಾಗ ಆ ಮುದುಕನ ಮಾತನ್ನು ಬಿಟ್ಟುಬಿಡಲಿಲ್ಲ. ತಂದೆಗೆ ಗೊತ್ತಿರದ ಪರಲೋಕದ ತಂದೆ ಆ ಪ್ರಾರ್ಥನೆಯನ್ನು ಕೇಳಿಸಿಕೊಂಡನೆಂದೇ ಅವರು ತಿಳಿದಿದ್ದರು. ಹಾಗೆ ತಿಳಿಯಲು ಅವರಿಗೆ ಯಾವ ಧರ್ಮಶಾಸ್ತ್ರದ ಅಪ್ಪಣೆಯೂ ಬೇಕಾಗಲಿಲ್ಲ, ನನಗೂ ಬೇಕಾಗಿಲ್ಲ.